ಎತ್ತಿಗೆ ಬೇಡವಾದ ಮೊಳೆ ನಾಯಿಗೆ ಯಾಕೆ?

ನಮ್ಮ ತಾತನ ಹತ್ರ ಒಂದು ಕೋಲಿತ್ತು. ತುದಿಯಲ್ಲಿ ಸಣ್ಣ ಮೊಳೆ. ದಿಣ್ಣೆ ಹತ್ತುವಾಗ ಎತ್ತು ನಿಂತುಬಿಟ್ಟರೆ ಚುಚ್ಚೋಕೆ. ಅದು ಕಾನೂನಿಗೆ ವಿರುದ್ಧ ಅಂತ ತಾತಂಗೆ ಗೊತ್ತಿರಲಿಲ್ಲ, ಮೊನ್ನೆ ಮೊನ್ನೆವರೆಗೂ ನಂಗೂ ಗೊತ್ತಿರಲಿಲ್ಲ. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗಾಗಿ 1965ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಮೊಳೆ ಕೋಲು, ಮುಳ್ಳಿನ ಕಡಿವಾಣ, ತೀವ್ರ ನೋವು ಕೊಡುವ ಚೂಪಾದ ಸಲಕರಣೆ, ಯಾವುದನ್ನೂ ಬಳಸೋ ಹಾಗಿಲ್ಲ.

ಇದನ್ನೆಲ್ಲ ಓದೋಕೆ ಕಾರಣ ನಮ್ಮನೆ ಕರಿಯ. ಬೀದಿಯಿಂದ ತಂದ ನಾಯಿ. ಸೆಕ್ಯುರಿಟಿ ಅಣ್ಣನನ್ನು ಕಂಡರೆ ಬಾಲ್ಕನಿಯಿಂದಲೇ ಬೊಗಳೋನು. ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಲ್ಲಿ ದಿನಾ ದೂರು. ಟ್ರೈನರ್ ಒಬ್ಬ ಹೇಳಿದ ಅಂತ ಆನ್‌ಲೈನಲ್ಲಿ ಶಾಕ್ ಕಾಲರ್ ತರಿಸಿದೆ. ಕತ್ತಿಗೆ ತಾಗುವ ಎರಡು ಲೋಹದ ಕಡ್ಡಿ, ನನ್ನ ಕೈಲೊಂದು ರಿಮೋಟು. "ಶಾಕ್ ಅನ್ಬೇಡಿ ಸರ್, ಸ್ಟಿಮ್ಯುಲೇಶನ್" ಅಂದ ಆತ.

ಮೊದಲ ದಿನ ಒತ್ತಿದೆ. ಕುಂಯ್ ಅಂತು, ಬೊಗಳೋದು ನಿಂತೇಹೋಯ್ತು. ಹೆಂಡತಿಯನ್ನು ಕರೆದು ತೋರಿಸಿದೆ ಬೇರೆ, ನೋಡು ವರ್ಕ್ ಆಯ್ತು ಅಂತ. ಎರಡು ವಾರ ಕಳೀತು. ಲಿಫ್ಟ್ ಬಾಗಿಲು ತೆರೀತು, ಎದುರಿಗೆ ಅದೇ ಸೆಕ್ಯುರಿಟಿ ಅಣ್ಣ. ಕರಿಯ ಬೊಗಳಲಿಲ್ಲ. ಸೀದಾ ಕಾಲಿಗೇ ಬಾಯಿ ಹಾಕಿದ. ಪುಣ್ಯಕ್ಕೆ ಪ್ಯಾಂಟು ಮಾತ್ರ ಹರೀತು.

ನಾಯಿಗೆ ರಿಮೋಟ್ ವಿಷಯ ಏನು ಗೊತ್ತು? ಈ ಮನುಷ್ಯ ಕಂಡಾಗೆಲ್ಲ ಕತ್ತು ಚುರ್ ಅನ್ನುತ್ತೆ, ಅಷ್ಟೇ ಅದರ ಲೆಕ್ಕ. ಬೊಗಳಿದ್ದಕ್ಕೆ ಶಿಕ್ಷೆ ಅನ್ನೋದು ನನ್ನ ತಲೆಯೊಳಗಿತ್ತು, ಅದರ ತಲೆಯೊಳಗಲ್ಲ. ಎರರ್ ಮೆಸೇಜೇ ಕೊಡದೆ ಕ್ರ್ಯಾಶ್ ಆಗೋ ಪ್ರೋಗ್ರಾಂ ಕೊಟ್ಟರೆ ನಾವೇ ಬೈಕೋತೀವಲ್ಲ! ಮೇಲಾಗಿ ಬೊಗಳು ಅನ್ನೋದು ಕಚ್ಚೋಕೆ ಮುಂಚಿನ ಎಚ್ಚರಿಕೆ. ಆ ಎಚ್ಚರಿಕೆಯನ್ನೇ ನಾನು ದುಡ್ಡು ಕೊಟ್ಟು ಆಫ್ ಮಾಡಿಸಿದ್ದೆ.

"ಟೂಲ್ ತಪ್ಪಲ್ಲ, ಬಳಸೋರದ್ದು ತಪ್ಪು" ಅಂತೀರಾ? ತಾತನ ಮೊಳೆಗೂ ಇದೇ ಮಾತು ಹೇಳಬಹುದಿತ್ತು. ತಾತ ಹದವರಿತೇ ಚುಚ್ಚುತ್ತಿದ್ದ. ಆದ್ರೂ ಕಾನೂನು ಹದ ಕೇಳಲಿಲ್ಲ, ಮೊಳೆಯೇ ಬೇಡ ಅಂತು. "ಕುರಿ ಅಟ್ಟಿಸಿಕೊಂಡು ಹೋಗೋ ನಾಯಿಗೆ ಬೇಕೇ ಬೇಕು" ಅನ್ನೋರೂ ಇದಾರೆ. ಜನರಿಗಿಂತ ಕುರಿಗಳೇ ಜಾಸ್ತಿ ಇರೋ ವೇಲ್ಸ್ ದೇಶ 2010ರಲ್ಲೇ ನಾಯಿ, ಬೆಕ್ಕುಗಳಿಗೆ ಶಾಕ್ ಕಾಲರ್ ಹಾಕೋದನ್ನ ನಿಷೇಧಿಸಿತು. ಪಕ್ಕದ ಇಂಗ್ಲೆಂಡು 2024ರ ಫೆಬ್ರವರಿಯಿಂದ ಮಾಡ್ತೀವಿ ಅಂದು ಮಾಡಲೇ ಇಲ್ಲ, ಅದು ಬೇರೆ ಕಥೆ.

ನಮ್ಮಲ್ಲೋ, 1965ರ ಪಟ್ಟಿಯಲ್ಲಿ ನಾಯಿ ಇಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಹಿಂಸೆ ಅಂತ ಸಾಬೀತಾದರೂ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಒಂದು ಫಿಲ್ಟರ್ ಕಾಫಿ ದುಡ್ಡು! ಕಂಬಳದ ಕೋಣಕ್ಕೆ ಬೀಳೋ ಬಾರುಕೋಲಿನ ಬಗ್ಗೆ ಕಣ್ಣೀರಿಟ್ಟು ಪೋಸ್ಟ್ ಹಾಕೋ ನಾವೇ ಕಾರ್ಟಿಗೆ ಶಾಕ್ ಕಾಲರ್ ಸೇರಿಸ್ತೀವಿ. ಹಳ್ಳಿಯವನ ಕೈಲಿದ್ರೆ ಕ್ರೌರ್ಯ, ಬ್ಲೂಟೂತ್ ಇದ್ರೆ ಟ್ರೈನಿಂಗು. ಎತ್ತಿಗೆ ಹಾಕಿದ ಗೆರೆಯನ್ನೇ ನಾಯಿಗೂ ಹಾಕಿ. ಶಾಕ್ ಕಾಲರ್, ಒಳಗೆ ಮುಳ್ಳಿರೋ ಪ್ರಾಂಗ್ ಕಾಲರ್, ಎರಡನ್ನೂ ಹೆಸರು ಹೇಳಿ ನಿಷೇಧಿಸಿ, ಮಾರಾಟವನ್ನೂ ನಿಲ್ಲಿಸಿ.

ಹಾಗಾದ್ರೆ ಬೊಗಳೋದಕ್ಕೆ ಏನ್ ಮಾಡಿದ್ರಿ ಅಂತ ಗುಂಪಲ್ಲಿ ಒಬ್ರು ಕೇಳಿದ್ರು. ಸೆಕ್ಯುರಿಟಿ ಅಣ್ಣನಿಗೆ ಹೊಸ ಪ್ಯಾಂಟ್ ಕೊಡಿಸಿದೆ, ಕ್ಷಮೆ ಕೇಳಿದೆ. ಅವರು ಒಪ್ಪಿದ ಮೇಲೆ ದಿನಾ ದೂರದಿಂದಲೇ ಬಿಸ್ಕೆಟ್ ಎಸೆಯೋ ಹಾಗೆ ಮಾಡಿದೆ. ಹತ್ತಿರ ಬರೋಕೆ ಮೂರು ತಿಂಗಳು ಹಿಡೀತು. ಬೊಗಳೋದು ಈಗ್ಲೂ ಪೂರ್ತಿ ನಿಂತಿಲ್ಲ.