ಹಿತ್ಲಲ್ಲಿರೋ ಯೆಜ್ಡಿ ಮೇಲೆ ಹೆಣ್ಮಕ್ಳಿಗೂ ಹಕ್ಕಿದೆ

ಹಿತ್ಲಲ್ಲಿ ಟಾರ್ಪಾಲು ಹೊದ್ಕೊಂಡು ಮಲಗಿರೋ ಜಾವಾನೋ ಯೆಜ್ಡಿನೋ ನಮ್ಮ ಮೈಸೂರು ಕಡೆ ಎಷ್ಟು ಮನೇಲಿಲ್ಲ ಹೇಳಿ. ಯಜಮಾನ್ರು ಹೋದ್ಮೇಲೆ ಅದ್ರ ಮೇಲೆ ಮೊದ್ಲು ಒದ್ದೆ ಬಟ್ಟೆ, ಆಮೇಲೆ ಸೌದೆ, ಆಮೇಲೆ ಕೋಳಿ. ಕೊನೆಗೊಂದಿನ ಗುಜರಿಯವ್ನು ಬಂದು ತೂಕಕ್ಕೆ ಕೇಳ್ತಾನೆ. ಇಲ್ಲಾಂದ್ರೆ ಯಾರೋ ಹುಡುಗ ಬಂದು, "ಐದು ಸಾವ್ರಕ್ಕೆ ಕೊಡಿ ಆಂಟಿ" ಅಂತಾನೆ. "ತೊಲಗ್ಲಿ, ಜಾಗಾನಾದ್ರೂ ಆಗುತ್ತೆ" ಅಂತ ಕೊಟ್ಬಿಡ್ತೀವಿ. ನಾನು ಹೇಳೋದಿಷ್ಟೇ: ಕೊಡೋಕ್ ಮುಂಚೆ ಒಸಿ ತಡೀರಿ. ಅದನ್ನ ಮನೇಲೇ ಎಬ್ಬಿಸ್ಬೋದು, ಆ ಕೆಲ್ಸದಲ್ಲಿ ನಮ್ಮ ಕೈಯೂ ಇರ್ಬೇಕು.

ಅದು ಬರೀ ಕಬ್ಣ ಅಲ್ಲ ಕಣ್ರೀ. ನಮ್ಮ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೇಲಿ 1961ರಿಂದ 1996ರ ತನಕ ತಯಾರಾದ ಗಾಡಿ. ಶುರುವಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಹೆಸ್ರು, 70ರ ದಶಕದಿಂದ ಯೆಜ್ಡಿ. ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ಕಿಕ್ ಹೊಡೆಯೋದೂ ಗೇರ್ ಹಾಕೋದೂ ಒಂದೇ ಕಡ್ಡೀಲಿ. ಎಷ್ಟೋ ಮನೆಗೆ ಅನ್ನ ಹಾಕಿದ ಕಾರ್ಖಾನೆ ಅದು.

ಮೊದ್ಲು ಪಾನ ಹುಡುಕ್ಬೇಡಿ, ಆರ್‌ಸಿ ಹುಡುಕಿ. ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ 5 ವರ್ಷಕ್ಕೊಂದ್ಸಲ ನವೀಕರಣ ಆಗ್ಬೇಕು. 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ಅಂತ ಬೇರೆ ನೋಂದಣಿ 2021ರಿಂದ ಬಂದಿದೆ, ಆದ್ರೆ ಅದ್ರಲ್ಲಿ ದಿನಾ ಓಡಾಡೋ ಹಂಗಿಲ್ಲ. ಗಾಡಿ ತೀರ್ಕೊಂಡವ್ರ ಹೆಸ್ರಲ್ಲಿದ್ರೆ, ಮರಣ ಪ್ರಮಾಣ ಪತ್ರ ಇಟ್ಟು ಫಾರಂ 31ರಲ್ಲಿ ಹೆಸ್ರು ಬದಲಾಯಿಸ್ಬೇಕು. ಇಲ್ಲೇ ನಾವು ಬಾಯಿ ತೆಗೀಬೇಕಾದ್ದು. ಉಯಿಲು ಬರೆದಿಲ್ಲ ಅಂದ್ರೆ ಹಿಂದೂ ಕಾನೂನಲ್ಲಿ ಹೆಂಡ್ತಿಗೂ ಹೆಣ್ಮಕ್ಳಿಗೂ ಗಂಡ್ಮಕ್ಳಷ್ಟೇ ಪಾಲು. ಜಮೀನಿಗೆ ನೂರು ಸಲ ಸಹಿ ಹಾಕಿಸ್ಕೊತಾರೆ, ಅಪ್ಪನ ಬೈಕಿಗೆ ಮಾತ್ರ ಮಗಳ್ನ ಒಂದು ಮಾತೂ ಕೇಳಲ್ಲ. ಅದ್ರ ಟ್ಯಾಂಕ್ ಮೇಲೆ ಕೂತು ಸ್ಕೂಲಿಗೆ ಹೋದೋಳು ಅವಳೂ ತಾನೇ?

ಇನ್ನು ಕೆಲ್ಸ. ಗಂಡಸ್ರು ಇದನ್ನ ಮಹಾ ವಿದ್ಯೆ ಅನ್ನೋ ಹಂಗೆ ಆಡ್ತಾರೆ. ಅರ್ಧ ನಮ್ಮ ಅಡುಗೆಮನೆ ವಿದ್ಯೇನೇ. ತಾಮ್ರದ ಚೊಂಬಿಗೆ ಹುಣಸೆಹಣ್ಣು ಉಜ್ಜೋರಿಗೆ ಹುಳಿ ಕಿಲುಬು ತಿನ್ನುತ್ತೆ ಅಂತ ಯಾರೂ ಹೇಳ್ಕೊಡ್ಬೇಕಿಲ್ಲ. ಟ್ಯಾಂಕಿನ ತುಕ್ಕಿಗೂ ಅದೇ. ಪೆಟ್ರೋಲ್ ಪೂರ್ತಿ ಬಸಿದು, ಬಿಚ್ಚಿ, ಗಾಳೀಲಿ ಆರಿಸಿ, ವಿನಿಗರ್ ತುಂಬಿ ಒಂದೆರಡು ದಿನ ಇಡೋದು. ಒಂದಿಷ್ಟು ನಟ್ಟು ಹಾಕಿ ಕುಲುಕೋದು. ಅಡುಗೆ ಸೋಡಾ ನೀರಲ್ಲಿ ತೊಳೆದು, ಬೇಗ ಒಣಗಿಸಿ, ಒಳಗೆ ಎಣ್ಣೆ ಆಡಿಸೋದು. ಇದೆಲ್ಲ ಅಂಗಳದಲ್ಲಿ, ಒಲೆಯಿಂದ ದೂರ. ಅದಕ್ಕೆ ಬಳಸಿದ ಪಾತ್ರೆ ಮತ್ತೆ ಒಳಗೆ ಬರ್ಬಾರ್ದು.

ಬಿಚ್ಚೋಕ್ ಮುಂಚೆ ಫೋಟೋ ಹೊಡೀರಿ. ಬೋಲ್ಟು ಹಳೇ ಮಸಾಲೆ ಡಬ್ಬಿಗೆ ಹಾಕಿ ಚೀಟಿ ಅಂಟಿಸಿ. ಇಂಜಿನ್ ಹಿಡ್ಕೊಂಡಿದ್ರೆ ಕಿಕ್ಕರ್ ಮೇಲೆ ನಿಂತು ಕುಣೀಬೇಡಿ. ಪ್ಲಗ್ ತೆಗೆದು ನಾಲ್ಕು ತೊಟ್ಟು ಎಣ್ಣೆ ಬಿಟ್ಟು, ರಾತ್ರಿ ಪೂರ್ತಿ ಹಂಗೇ ಬಿಟ್ಟು, ಬೆಳಿಗ್ಗೆ ಮೆಲ್ಲಗೆ ತಿರುಗಿಸಿ ನೋಡಿ. ಹಂಗೂ ಅಲ್ಲಾಡ್ಲಿಲ್ಲ ಅಂದ್ರೆ ಮೆಕ್ಯಾನಿಕ್ ಕೆಲ್ಸ, ಅವ್ರಿಗೇ ಬಿಡಿ.

"ದುಡ್ಡು ದಂಡ" ಅಂತೀರಿ. ಒಪ್ತೀನಿ, ಲೆಕ್ಕ ಇಲ್ದಿದ್ರೆ ದಂಡಾನೇ. ಅದಕ್ಕೇ ಹಾಲಿನ ಲೆಕ್ಕ, ಚೀಟಿ ಲೆಕ್ಕ ಬರೆಯೋ ಪುಸ್ತಕದಲ್ಲೇ ಬೈಕಿಗೂ ಒಂದು ಪುಟ ಇಡಿ. ತಿಂಗ್ಳಿಗೆ ಇಷ್ಟು, ಅದ್ರ ಮೇಲೆ ಒಂದು ರೂಪಾಯಿ ಇಲ್ಲ. ಮೊದ್ಲು ಬ್ರೇಕು, ಟೈರು, ವೈರಿಂಗು. ಕ್ರೋಮು, ಪೇಂಟು ಎಲ್ಲಾ ಆದ್ಮೇಲೆ. ಓಡಿಸೋನ ಜೀವ ಉಳಿಸೋದು ಹೊಳಪಲ್ಲ. ನನ್ನ ಕೇಳಿದ್ರೆ ಹಳೇ ಬಣ್ಣ ಚೆನ್ನಾಗಿದ್ರೆ ತೊಳೆದು ಹಂಗೇ ಬಿಡಿ. ಮೊಣಕಾಲು ತಾಗಿ ತಾಗಿ ಸವೆದ ಟ್ಯಾಂಕು ನೋಡಿದ್ರೆ ಗಾಡಿ ಯಾರ್ದು ಅಂತ ಮನೆಯವ್ರಿಗೆ ಗೊತ್ತಾಗುತ್ತೆ.

ಹೊಗೆ ಉಗುಳುತ್ತೆ ಅನ್ನೋದೂ ನಿಜ. ಪೆಟ್ರೋಲ್ ಜೊತೆ ಎಣ್ಣೇನೂ ಉರಿಯೋ ಎರಡು ಸ್ಟ್ರೋಕಿನ ಇಂಜಿನ್ನು ಅದು. ಮಾರ್ಕೆಟ್ಟಿಗೆ ದಿನಾ ಓಡಿಸೋಕೆ ಸ್ಕೂಟಿ ಇದೆ. ಇದು ಭಾನುವಾರ ಒಂದು ಸುತ್ತಿಗೆ ಸಾಕು.

ಕೊನೇಗೆ ಮಾರ್ತೀವಿ ಅಂದ್ರೂ ನಾನು ಬೇಡ ಅನ್ನಲ್ಲ. ಓಡೋ ಹಂಗ್ ಮಾಡಿ, ಕಾಗದ ಸರಿ ಮಾಡ್ಕೊಂಡು, ಕೊಟ್ಟ ಮನೆಯಿಂದ ಹೆಣ್ಮಕ್ಳನ್ನೂ ಕರೆಸಿ, ಎಲ್ರೂ ಕೂತು ಮಾತಾಡಿ ಮಾರಿ. ಗುಜರಿಯವ್ನ ತಕ್ಕಡಿ ಆಗ ಬೆಲೆ ಹೇಳಲ್ಲ, ನಾವು ಹೇಳ್ತೀವಿ. ಈ ವಾರ ಬಿಡುವು ಮಾಡ್ಕೊಂಡು ಬೀರು ಮೇಲಿನ ಟ್ರಂಕಲ್ಲಿ ಆರ್‌ಸಿ ಇದ್ಯಾ ನೋಡಿ. ಸಿಕ್ಕಿದ್ರೆ ನಂಗೊಂದು ಫೋನ್ ಮಾಡಿ. ಪ್ಲಗ್ ಬಿಚ್ಚೋ ಪಾನ ನಮ್ಮನೇಲಿದೆ, ತಗೊಂಡ್ ಬರ್ತೀನಿ.