‘ಖಾಲಿ ಬಿದ್ದಿತ್ತು’ ಅಂತ ಅಳಿಸಿದ ನೂರು ಜಿಬಿ

“ಅಣ್ಣಾರ, ನೂರು ಜಿಬಿ ಸುಮ್ನ ಖಾಲಿ ಬಿದ್ದಿತ್ತು ನೋಡ್ರಿ. ಅದನ್ನ ಡಿ ಡ್ರೈವ್ ಮಾಡಿ ಕೊಟ್ಟೀನಿ. ಅದಕ್ಕೇನೂ ರೊಕ್ಕ ಬ್ಯಾಡ.”

ತಾಲ್ಲೂಕು ಪೇಟೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಹುಡುಗ ಹೀಗೆ ಹೇಳಿದಾಗ ಅವನ ಮುಖದಲ್ಲಿ ಉಪಕಾರ ಮಾಡಿದ ಸಂತೋಷವಿತ್ತು. ಆ ನೂರು ಜಿಬಿ ಖಾಲಿ ಇರಲಿಲ್ಲ. ಅಲ್ಲಿ ನನ್ನ ಲಿನಕ್ಸ್ ಇತ್ತು. ಲಿನಕ್ಸ್ ಹೋದರೆ ಹೋಗಲಿ, ಪುಕ್ಕಟೆ ಸಿಗುತ್ತದೆ, ಸಂಜೆಯೊಳಗೆ ಮತ್ತೆ ಹಾಕಿಕೊಳ್ಳಬಹುದು. ಆದರೆ ಅದರೊಳಗೆ ಎರಡು ವರ್ಷ ಸುತ್ತಲಿನ ಊರುಗಳಲ್ಲಿ ತಿರುಗಿ ಏಳು ಅಜ್ಜಿಯರಿಂದ ಹಾಡಿಸಿಕೊಂಡ ಬೀಸುವ ಪದ, ಸೋಬಾನೆ ಪದ ಇದ್ದವು. ಆ ಏಳರಲ್ಲಿ ಮೂವರು ಈಗ ಇಲ್ಲ.

ನಾನು ಅಂಗಡಿಗೆ ಒಯ್ದಾಗ ಹೇಳಿದ ದೂರು ಒಂದೇ: “ಬ್ಯಾಟರಿ ಬದಲಿಸಿದ ಮೇಲೆ ಲಿನಕ್ಸ್ ಮೆನು ಬರವಲ್ದು, ನೇರ ವಿಂಡೋಸ್ ತೆರೀತೈತಿ.” ಇಷ್ಟಕ್ಕೆ ಬೇಕಾಗಿದ್ದದ್ದು ಐದು ನಿಮಿಷದ ಕೆಲಸ. ಆಗಿದ್ದು ಐದು ನೂರು ರೂಪಾಯಿಯ ಫಾರ್ಮ್ಯಾಟ್.

ಇನ್ನೊಂದು ಕಾಪಿ ಯಾಕೆ ಇಟ್ಟುಕೊಂಡಿರಲಿಲ್ಲ ಅಂತ ನೀವು ಕೇಳುತ್ತೀರಿ. ಅಂಗಡಿಯವನೂ ಅದನ್ನೇ ಕೇಳಿದ. ತಪ್ಪು ನನ್ನದೇ, ಒಪ್ಪಿದೆ. ಆದರೆ ಮನೆಗೆ ಬೀಗ ಹಾಕದೆ ಹೋದವನ ತಪ್ಪು ಬೇರೆ, ಒಳಗೆ ಹೊಕ್ಕು ಗೋಡೆ ಕೆಡವಿದವನ ತಪ್ಪು ಬೇರೆ. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಮುಚ್ಚಬಾರದು. ನನ್ನ ಜಗಳ ಆ ಹುಡುಗನ ಮೇಲೂ ಅಲ್ಲ. ನಮ್ಮ ಪೇಟೆಗಳಲ್ಲಿ ಕಂಪ್ಯೂಟರಿನ ಎಲ್ಲ ರೋಗಕ್ಕೂ ‘ಫಾರ್ಮ್ಯಾಟ್ ಹೊಡೀರಿ’ ಎನ್ನುವ ಒಂದೇ ಮದ್ದು ನಡೆಯುತ್ತಿದೆಯಲ್ಲ, ಅದರ ಮೇಲೆ.

ಪಾರ್ಟಿಶನ್ ಎನ್ನುವ ಮಾತು ನಮಗೆ ಹೊಸದಲ್ಲ. ಅಣ್ಣತಮ್ಮಂದಿರು ಪಾಲಾದಾಗ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಪಾರ್ಟಿಶನ್ ಡೀಡ್ ಆಗುತ್ತದೆ. ಒಂದೇ ಸರ್ವೆ ನಂಬರು, ಎರಡು ಹಿಸ್ಸೆ, ನಡುವೆ ಬಾಂದುಕಲ್ಲು. ಕಂಪ್ಯೂಟರಿನಲ್ಲೂ ಅಷ್ಟೇ. ಒಂದೇ ಡಿಸ್ಕಿನಲ್ಲಿ ವಿಂಡೋಸಿಗೆ ಒಂದು ಹಿಸ್ಸೆ, ಲಿನಕ್ಸಿಗೆ ಇನ್ನೊಂದು. ಸ್ವಿಚ್ ಒತ್ತಿದಾಗ ಯಾರ ಮನೆಗೆ ಹೋಗಬೇಕು ಅಂತ ಕೇಳುವ ಮೆನು ಒಂದು ಬರುತ್ತದೆ. ಇದನ್ನೇ ಡ್ಯುಯಲ್ ಬೂಟ್ ಎನ್ನುತ್ತಾರೆ.

ಇದು ಬೆಂಗಳೂರಿನ ಎಂಜಿನಿಯರುಗಳ ಹವ್ಯಾಸ ಅಂತ ತಿಳಿಯಬೇಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಳೆಯ ಲ್ಯಾಪ್‌ಟಾಪುಗಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೊಸದು ಕೊಳ್ಳಲು ದುಡ್ಡಿಲ್ಲದವರು, ಸೆಕೆಂಡ್ ಹ್ಯಾಂಡ್ ತಂದವರು, ಅಕ್ಕನ ಹಳೆಯ ಲ್ಯಾಪ್‌ಟಾಪಿನಲ್ಲಿ ಓದುವ ತಂಗಿಯರು ಲಿನಕ್ಸ್ ಹಾಕಿಕೊಳ್ಳುತ್ತಿದ್ದಾರೆ. ನುಡಿಯಲ್ಲಿ ಟೈಪ್ ಮಾಡಿ ಕೊಡುವ ಕೆಲಸವಿದ್ದವರು ವಿಂಡೋಸನ್ನೂ ಇಟ್ಟುಕೊಳ್ಳುತ್ತಾರೆ. ಹಳ್ಳಿಯಲ್ಲಿ ಡ್ಯುಯಲ್ ಬೂಟ್ ಇರುವುದು ಬಡತನದಿಂದ, ಶೋಕಿಯಿಂದ ಅಲ್ಲ.

ಈಗ ಮುಖ್ಯ ಮಾತು. ಪಹಣಿಯಲ್ಲಿ ನಿಮ್ಮ ಹೆಸರು ಬಿಟ್ಟುಹೋಯಿತು ಅನ್ನಿ. ಹೊಲ ಮಾಯವಾಗುತ್ತದೆಯೇ? ಹೊಲ ಅಲ್ಲೇ ಇರುತ್ತದೆ, ಬೆಳೆ ಅಲ್ಲೇ ನಿಂತಿರುತ್ತದೆ. ತಹಶೀಲ್ದಾರ್ ಕಚೇರಿಗೆ ಅಲೆದು ತಿದ್ದುಪಡಿ ಮಾಡಿಸುತ್ತೀರೇ ಹೊರತು, ಹೆಸರಿಲ್ಲ ಅಂತ ಬೆಳೆದು ನಿಂತ ಜೋಳಕ್ಕೆ ರಂಟೆ ಹೊಡೆಯುವುದಿಲ್ಲ. ಡಿಸ್ಕಿನಲ್ಲೂ ‘ಪಾರ್ಟಿಶನ್ ಟೇಬಲ್’ ಎಂಬ ಒಂದು ಪಹಣಿ ಇದೆ. ಹಳೆಯ ಎಂಬಿಆರ್ ಪದ್ಧತಿಯಲ್ಲಿ ಅದು ಇಡೀ ಡಿಸ್ಕಿನ ಮೊದಲ 512 ಬೈಟುಗಳ ಒಳಗಿನ ಬರೀ 64 ಬೈಟು. ಕನ್ನಡದಲ್ಲಿ ಯೂನಿಕೋಡಿನಲ್ಲಿ ಬರೆದರೆ ನಿಮ್ಮ ಹೆಸರು, ಊರು ಬರೆಯುವಷ್ಟರಲ್ಲಿ ಆ ಜಾಗ ಮುಗಿದುಹೋಗುತ್ತದೆ. ಅಷ್ಟು ಚಿಕ್ಕ ಚೀಟಿ ಕೆಟ್ಟರೆ ಐನೂರು ಜಿಬಿಯೂ ‘ಕಾಣೆಯಾಗಿದೆ’ ಅನ್ನಿಸುತ್ತದೆ. ಆದರೆ ಕಾಣೆಯಾದದ್ದು ಚೀಟಿ, ಹೊಲ ಅಲ್ಲ. ಹೊಸ ಜಿಪಿಟಿ ಪದ್ಧತಿಯಲ್ಲಿ ಈ ಪಹಣಿಯ ಇನ್ನೊಂದು ನಕಲು ಡಿಸ್ಕಿನ ಕೊನೆಯಲ್ಲೂ ಇರುತ್ತದೆ. ಯಂತ್ರಕ್ಕೇ ಎರಡು ಕಾಪಿ ಇಡುವ ಬುದ್ಧಿ ಬಂದಿದೆ, ನನಗೆ ಬರಲಿಲ್ಲ.

ಎಷ್ಟೋ ಸಲ ಚೀಟಿಯೂ ಕೆಟ್ಟಿರುವುದಿಲ್ಲ. ನನ್ನದರಲ್ಲಿ ಆಗಿದ್ದು ಅದೇ ಇರಬೇಕು ಅಂತ ಆಮೇಲೆ ಓದಿ ತಿಳಿದುಕೊಂಡೆ. ಸ್ವಿಚ್ ಒತ್ತಿದ ತಕ್ಷಣ ಮೊದಲು ಯಾರನ್ನು ಎಬ್ಬಿಸಬೇಕು ಎನ್ನುವ ಪಟ್ಟಿ ಮದರ್‌ಬೋರ್ಡಿನ ನೆನಪಿನಲ್ಲಿರುತ್ತದೆ. ಬ್ಯಾಟರಿ ತೆಗೆದು ಹಾಕಿದಾಗ, ಬಯಾಸ್ ರಿಸೆಟ್ ಆದಾಗ ಆ ಪಟ್ಟಿ ಅಳಿಸಿಹೋಗಬಹುದು. ಆಗ ಯಂತ್ರ ತನಗೆ ರೂಢಿಯಿದ್ದ ವಿಂಡೋಸನ್ನು ಎಬ್ಬಿಸುತ್ತದೆ. ಲಿನಕ್ಸ್ ತನ್ನ ಹಿಸ್ಸೆಯಲ್ಲಿ ಮಲಗಿಯೇ ಇರುತ್ತದೆ. ಬಯಾಸಿಗೆ ಹೋಗಿ ಬೂಟ್ ಕ್ರಮದಲ್ಲಿ ಅದನ್ನು ಮೇಲೆ ತಂದರೆ ಸಾಕು. ಪಟ್ಟಿಯಲ್ಲೇ ಇಲ್ಲದಿದ್ದರೆ ಪೆನ್‌ಡ್ರೈವಿನಿಂದ ಮತ್ತೆ ಸೇರಿಸಬಹುದು.

ಹಾಗಾದರೆ ಹುಡುಗನಿಗೆ ಅದು ಖಾಲಿ ಅಂತ ಯಾಕೆ ಕಂಡಿತು? ವಿಂಡೋಸಿಗೆ ಲಿನಕ್ಸಿನ ಹಿಸ್ಸೆಯನ್ನು ಓದಲು ಬರುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಅದಕ್ಕೆ ಹೆಸರಿಲ್ಲ, ಸಿ ಡಿ ಎಂಬ ಅಕ್ಷರವಿಲ್ಲ, ಬರೀ ಒಂದು ನೀಲಿ ಪಟ್ಟಿ. ಕೆಲವೊಮ್ಮೆ, ಅದರಲ್ಲೂ ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಅದಕ್ಕೊಂದು ಅಕ್ಷರ ಬಿದ್ದುಬಿಡುತ್ತದೆ. ಕ್ಲಿಕ್ ಮಾಡಿದರೆ ಒಂದು ಪೆಟ್ಟಿಗೆ ಎದ್ದು ನಿಲ್ಲುತ್ತದೆ: ಈ ಡಿಸ್ಕ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಇಂಥ ಹೊಣೆಗೇಡಿ ಪ್ರಶ್ನೆಯನ್ನು ನಾನು ಇನ್ನೊಂದು ಕಂಡಿಲ್ಲ. ‘ಇದು ನನಗೆ ಓದಲು ಬರುವುದಿಲ್ಲ, ಇದರಲ್ಲಿ ಬೇರೆಯವರ ಮಾಲು ಇರಬಹುದು’ ಎನ್ನಬೇಕಿತ್ತು. ಅಕ್ಷರ ಬಾರದವನು ಪುಸ್ತಕ ನೋಡಿ ಇದರಲ್ಲಿ ಏನೂ ಬರೆದಿಲ್ಲ, ಒಲೆಗೆ ಹಾಕಲೇ ಅಂದ ಹಾಗೆ. ಅದೂ ಇಂಗ್ಲಿಷಿನಲ್ಲಿ ಬರುವ ಮಾತು. ನಮ್ಮ ಕಡೆಯ ಎಷ್ಟು ಮಂದಿ ಅರ್ಥವಾಗದೆ ಹೌದು ಒತ್ತಿದ್ದಾರೋ.

ಮೊದಲು ತಿರುಗುವ ಹಾರ್ಡ್ ಡಿಸ್ಕುಗಳಿದ್ದ ಕಾಲದಲ್ಲಿ ಇದಕ್ಕೂ ಒಂದು ಮಾಫಿ ಇತ್ತು. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಸೂಚಿ ಮಾತ್ರ ಹೋಗುತ್ತಿತ್ತು, ಒಳಗಿನ ಫೈಲುಗಳು ಬಹುಮಟ್ಟಿಗೆ ಉಳಿದಿರುತ್ತಿದ್ದವು. ಟೆಸ್ಟ್‌ಡಿಸ್ಕ್ ಎಂಬ ಪುಕ್ಕಟೆ ತಂತ್ರಾಂಶ ಹಳೆಯ ಬಾಂದುಕಲ್ಲು ಹುಡುಕಿ ಮತ್ತೆ ನೆಡುತ್ತದೆ. ಅದರ ಜೊತೆಗೇ ಬರುವ ಫೋಟೊರೆಕ್ ಫೋಟೊ, ಆಡಿಯೊ, ದಾಖಲೆಗಳನ್ನು ಗುರುತು ಹಿಡಿದು ಹೆಕ್ಕಿ ಕೊಡುತ್ತದೆ. ಈಗ ಎಲ್ಲ ಎಸ್‌ಎಸ್‌ಡಿ. ಎಸ್‌ಎಸ್‌ಡಿಯನ್ನು ಫಾರ್ಮ್ಯಾಟ್ ಮಾಡಿದಾಗ ವಿಂಡೋಸ್ ಅದಕ್ಕೆ ‘ಟ್ರಿಮ್’ ಎಂಬ ಹುಕುಂ ಕಳಿಸುತ್ತದೆ: ಈ ಜಾಗ ಇನ್ನು ಬೇಡ, ತೊಳೆದುಕೋ. ಡಿಸ್ಕ್ ತೊಳೆದುಕೊಳ್ಳುತ್ತದೆ. ಆಮೇಲೆ ಹುಡುಕಿದರೆ ಬಹುತೇಕ ಸೊನ್ನೆಗಳೇ ಸಿಗುತ್ತವೆ. ನಾನು ಎರಡು ರಾತ್ರಿ ಫೋಟೊರೆಕ್ ಓಡಿಸಿದೆ. ಅದು ಹುಡುಕಿ ಕೊಟ್ಟಿದ್ದು ಆ ಹುಡುಗ ಹೊಸದಾಗಿ ಕಾಪಿ ಮಾಡಿದ್ದ ಪ್ರಿಂಟರ್ ಡ್ರೈವರುಗಳನ್ನು.

ಅಂದರೆ ಹತ್ತು ವರ್ಷದ ಹಿಂದೆ ನಡೆದುಹೋಗುತ್ತಿದ್ದ ಮದ್ದು ಈಗ ವಿಷ. ಅಂಗಡಿಗಳ ಅಭ್ಯಾಸ ಮಾತ್ರ ಬದಲಾಗಿಲ್ಲ.

ತಪ್ಪೆಲ್ಲ ಪೇಟೆಯ ಅಂಗಡಿಯದು ಎಂದರೆ ಅನ್ಯಾಯ. ದೊಡ್ಡವರೂ ಸಣ್ಣವರ ಹಿಸ್ಸೆಯನ್ನು ತುಳಿಯುತ್ತಾರೆ. 2024ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟ್ ಒಂದು ಭದ್ರತಾ ಅಪ್‌ಡೇಟ್ ಬಿಟ್ಟಿತು. ಲಿನಕ್ಸಿನ ಬೂಟ್ ಮೆನುವಾದ ಗ್ರಬ್‌ನ ಹಳೆಯ ದೋಷವೊಂದನ್ನು ತಡೆಯುವುದು ಅದರ ಉದ್ದೇಶ. ಡ್ಯುಯಲ್ ಬೂಟ್ ಯಂತ್ರಗಳನ್ನು ಮುಟ್ಟುವುದಿಲ್ಲ ಎಂದು ಕಂಪನಿ ಹೇಳಿತ್ತು. ಮುಟ್ಟಿತು. ಹಲವು ದೇಶಗಳಲ್ಲಿ ಜನ ಲಿನಕ್ಸ್ ತೆರೆಯಲು ಹೋದರೆ ‘ಏನೋ ಗಂಭೀರವಾಗಿ ಕೆಟ್ಟಿದೆ’ ಎಂಬ ಅರ್ಥದ ಒಂದು ಸಾಲು ತೋರಿಸಿ ಯಂತ್ರ ಆರಿಹೋಗುತ್ತಿತ್ತು. ಒಳಗಿನ ಒಂದು ಫೈಲೂ ಹಾಳಾಗಿರಲಿಲ್ಲ. ಬಯಾಸಿನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿ ಲಿನಕ್ಸಿಗೆ ಹೋಗಿ, ಆ ಅಪ್‌ಡೇಟ್ ಹಾಕಿದ ನಿಯಮವನ್ನು ತೆಗೆದರೆ ಸರಿಹೋಗುತ್ತಿತ್ತು. ಕಂಪನಿ ತನ್ನ ಕಡೆಯಿಂದ ಪೂರ್ತಿ ಪರಿಹಾರ ಕೊಟ್ಟಿದ್ದು 2025ರ ಮೇ ತಿಂಗಳಲ್ಲಿ. ಆ ಒಂಬತ್ತು ತಿಂಗಳಲ್ಲಿ ‘ಡಿಸ್ಕ್ ಹೋಗೇತ್ರಿ’ ಅನ್ನಿಸಿಕೊಂಡ ಲ್ಯಾಪ್‌ಟಾಪುಗಳು ನಮ್ಮ ಪೇಟೆಗಳಲ್ಲಿ ಇರಲಿಲ್ಲವೇ?

ಲಿನಕ್ಸಿನವರೂ ಸಾಚಾ ಅಲ್ಲ. 2021ರಲ್ಲಿ ಬಂದ ಗ್ರಬ್ 2.06ರಲ್ಲಿ, ಪಕ್ಕದ ಹಿಸ್ಸೆಯಲ್ಲಿ ಯಾರಿದ್ದಾರೆ ಅಂತ ಹುಡುಕುವ ಓಎಸ್-ಪ್ರೋಬರ್ ಎಂಬ ಕೆಲಸಗಾರನನ್ನು ಭದ್ರತೆಯ ನೆಪದಲ್ಲಿ ಮೂಲದಲ್ಲೇ ಆಫ್ ಮಾಡಿಟ್ಟರು. ಲಿನಕ್ಸ್ ಅಪ್‌ಡೇಟ್ ಮಾಡಿದ ಎಷ್ಟೋ ಮಂದಿಗೆ ಮರುದಿನ ಮೆನುವಿನಲ್ಲಿ ವಿಂಡೋಸೇ ಇಲ್ಲ. ವಿಂಡೋಸ್ ಎಲ್ಲೂ ಹೋಗಿರಲಿಲ್ಲ. ಗ್ರಬ್ ಸೆಟ್ಟಿಂಗಿನಲ್ಲಿ ಒಂದು ಸಾಲು ಬದಲಿಸಿ ಮೆನು ಮತ್ತೆ ಬರೆಸಿದರೆ ಬರುತ್ತದೆ. ಆ ಒಂದು ಸಾಲು ಯಾವುದು ಅಂತ ಕನ್ನಡದಲ್ಲಿ ಹೇಳುವವರು ಎಲ್ಲಿದ್ದಾರೆ?

ಇನ್ನೊಂದು ಸುಳ್ಳು ಸಾವಿನ ಸುದ್ದಿ ಕೇಳಿ. ವಿಂಡೋಸ್ 8ರಿಂದ ಈಚೆಗೆ ಶಟ್ ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಬೇಗ ಏಳಲೆಂದು ಅರ್ಧ ಕಣ್ಣು ತೆರೆದೇ ಇರುತ್ತದೆ. ಅದಕ್ಕೆ ಫಾಸ್ಟ್ ಸ್ಟಾರ್ಟಪ್ ಎಂದು ಹೆಸರು. ಆಗ ಲಿನಕ್ಸಿನಿಂದ ವಿಂಡೋಸಿನ ಹಿಸ್ಸೆ ತೆರೆಯಲು ಹೋದರೆ ಬಾಗಿಲು ತೆರೆಯದೆ ಇರಬಹುದು, ಇಲ್ಲವೇ ನೋಡಲು ಮಾತ್ರ ಬಿಡಬಹುದು. ಶಿಫ್ಟ್ ಒತ್ತಿ ಹಿಡಿದು ಶಟ್ ಡೌನ್ ಮಾಡಿ. ಅಷ್ಟೇ.

ನಿಜವಾಗಿ ಹೆದರಬೇಕಾದದ್ದು ಬಿಟ್‌ಲಾಕರಿಗೆ. ಈಚಿನ ವಿಂಡೋಸ್ 11 ಯಂತ್ರಗಳಲ್ಲಿ ಡಿಸ್ಕಿಗೆ ತಾನಾಗಿಯೇ ಬೀಗ ಬಿದ್ದಿರಬಹುದು. ಬಯಾಸಿನಲ್ಲಿ ಸೆಕ್ಯೂರ್ ಬೂಟ್ ಮುಟ್ಟಿದರೆ ಅದು 48 ಅಂಕಿಗಳ ಕೀಲಿ ಕೇಳಬಹುದು. ಆ ಕೀಲಿ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಹೊಸ ಲ್ಯಾಪ್‌ಟಾಪ್ ತಂದಾಗ ಅಂಗಡಿಯವರು ತಮ್ಮ ಇಮೇಲ್ ಹಾಕಿ ಚಾಲೂ ಮಾಡಿ ಕೊಟ್ಟಿದ್ದರೆ? ನಿಮ್ಮ ಮನೆಯ ಕೀಲಿ ಅವರ ಜೇಬಿನಲ್ಲಿದೆ. ಇವತ್ತೇ ನೋಡಿಕೊಳ್ಳಿ. ನಿಮ್ಮದೇ ಖಾತೆ ಇರಲಿ, ಆ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು ಪಾಸ್‌ಬುಕ್ಕಿನ ಜೊತೆ ಇಡಿ.

ಹಾಗಾದರೆ ಅಂಗಡಿಯಲ್ಲಿ ಏನು ಕೇಳಬೇಕು? ಮೊದಲ ಮಾತೇ ಇದಾಗಿರಲಿ: “ಒಳಗಿನ ಫೈಲ್ ಮೊದಲು ತೆಗೀರಿ. ನನಗ ಫೋನ್ ಮಾಡದ ಯಾವ ಡ್ರೈವನ್ನೂ ಡಿಲೀಟ್ ಮಾಡಬ್ಯಾಡ್ರಿ, ಫಾರ್ಮ್ಯಾಟ್ ಹೊಡೀಬ್ಯಾಡ್ರಿ.” ಫೈಲ್ ತೆಗೆಯುವುದು ದೊಡ್ಡ ವಿದ್ಯೆಯಲ್ಲ. ಲಿನಕ್ಸ್ ಮಿಂಟನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಇಳಿಸಿ, ಅದು ಹೆಚ್ಚುಕಡಿಮೆ 3 ಜಿಬಿ, 8 ಜಿಬಿ ಪೆನ್‌ಡ್ರೈವಿಗೆ ಹಾಕಿಕೊಂಡು ಅದರಿಂದಲೇ ಯಂತ್ರ ಚಾಲೂ ಮಾಡಬಹುದು. ಇನ್‌ಸ್ಟಾಲ್ ಒತ್ತಬಾರದು. ಫೈಲ್ ಮ್ಯಾನೇಜರ್ ತೆರೆದರೆ ಬೀಗ ಹಾಕದ ಹಿಸ್ಸೆಗಳು, ವಿಂಡೋಸಿನದೂ ಲಿನಕ್ಸಿನದೂ, ಪಕ್ಕದಲ್ಲಿ ಸಾಲಾಗಿ ಕಾಣುತ್ತವೆ. ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ಆಮೇಲೆ ರಿಪೇರಿಗೆ ಕೈ ಹಾಕಿ. ಹಿಸ್ಸೆ ಅಲ್ಲೂ ಕಾಣದಿದ್ದರೆ ಡಿಸ್ಕಿನ ಮೇಲೆ ಏನೂ ಬರೆಯದೆ ಟೆಸ್ಟ್‌ಡಿಸ್ಕ್ ಬಲ್ಲವರ ಬಳಿ ಒಯ್ಯಿರಿ. ಹಾರ್ಡ್ ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ಮಾತ್ರ ತಕ್ಷಣ ಆರಿಸಿಬಿಡಿ, ಅದು ಬೇರೆ ರೋಗ.

ಅಂಗಡಿಯವರ ಪರವಾಗಿಯೂ ಒಂದು ಮಾತು ಇದೆ. ‘ನೋಡಿದ್ದಕ್ಕೆ’ ನಾವು ದುಡ್ಡು ಕೊಡುವುದಿಲ್ಲ. ಒಂದು ತಾಸು ತಲೆ ಕೆಡಿಸಿಕೊಂಡು ಬಯಾಸಿನಲ್ಲಿ ಒಂದು ಸಾಲು ಮೇಲೆ ಮಾಡಿ ಕೊಟ್ಟರೆ, ಇಷ್ಟಕ್ಕೇ ಇನ್ನೂರೇ ಅಂತ ಜಗಳ ತೆಗೆಯುತ್ತೇವೆ. ಫಾರ್ಮ್ಯಾಟಿಗೆ ಐನೂರು ಮಾತಾಡದೆ ಎಣಿಸುತ್ತೇವೆ, ಯಾಕೆಂದರೆ ಕೆಲಸ ಕಣ್ಣಿಗೆ ಕಾಣುತ್ತದೆ, ಸ್ಕ್ರೀನ್ ಹೊಸದಾಗಿರುತ್ತದೆ. ಅಳಿಸಿದ್ದಕ್ಕೆ ಕೂಲಿ, ಉಳಿಸಿದ್ದಕ್ಕೆ ಚೌಕಾಶಿ. ಹೀಗಿರುವಾಗ ಆ ಹುಡುಗ ಯಾವುದನ್ನು ಕಲಿಯುತ್ತಾನೆ? ನೋಡಿದ್ದಕ್ಕೂ ಕೂಲಿ ಕೊಡೋಣ. ಆಮೇಲೆ ನಾಚಿಕೆಯಿಲ್ಲದೆ ಕೇಳೋಣ: ನೋಡದೆ ಯಾಕೆ ಅಳಿಸಿದಿರಿ?

ಕಳೆದ ತಿಂಗಳು ಅದೇ ಅಂಗಡಿಗೆ ಹೋಗಿದ್ದೆ. ಬಿ.ಕಾಂ. ಓದುವ ಹುಡುಗಿಯೊಬ್ಬಳ ಲ್ಯಾಪ್‌ಟಾಪ್ ಮೇಜಿನ ಮೇಲಿತ್ತು, ಅದರಲ್ಲೂ ಹೆಸರಿಲ್ಲದ ನೀಲಿ ಪಟ್ಟಿ. ಹುಡುಗ ನನ್ನ ಮುಖ ನೋಡಿ ಮೌಸ್ ಬಿಟ್ಟು ಕೇಳಿದ: “ಅಣ್ಣಾರ, ಆ ಪೆನ್‌ಡ್ರೈವ್ ತಂದೀರೇನ್ರಿ?” ತಂದಿದ್ದೆ. ಪಟ್ಟಿಯೊಳಗೆ ಅವಳ ಮೂರು ಸೆಮಿಸ್ಟರಿನ ನೋಟ್ಸು, ತೀರಿಹೋದ ಅಪ್ಪನ ಫೋಟೊಗಳು ಇದ್ದವು. ಪೆನ್‌ಡ್ರೈವನ್ನು ಅಲ್ಲೇ ಬಿಟ್ಟು ಬಂದೆ.

ಉಳಿದ ನಾಲ್ವರು ಅಜ್ಜಿಯರ ಮನೆಗೆ ಮತ್ತೆ ಹೋಗುತ್ತಿದ್ದೇನೆ. ಒಬ್ಬರಿಗೆ ಈಗ ಉಸಿರು ನಿಲ್ಲುವುದಿಲ್ಲ, ಎರಡು ಸಾಲು ಹಾಡಿ ನೀರು ಕೇಳುತ್ತಾರೆ. ಇನ್ನೊಬ್ಬರು ಹೋದ ವಾರ ಕೇಳಿದರು: “ಹಿಂದ ಹಾಡಿದ್ನೆಲ್ಲೋ ತಮ್ಮಾ, ಅದನ್ನೇನ್ ಮಾಡ್ದಿ?” ಕಂಪ್ಯೂಟರ್ ಕೆಟ್ಟಿತ್ತಬೇ ಅಂದೆ.