ಹಲ್ಲು ಕಚ್ಚಿಕೊಂಡು ಇರಲಾರೆ

ನನಗೆ ಧೈರ್ಯ ಹೇಳಲು ಬರುವವರಿಗೆ ಮೊದಲೇ ಒಂದು ಮಾತು. ಕಾಫಿ ಕೊಡುತ್ತೇನೆ, ಕುಡಿದು ಹೋಗಿ. ‘ನೀವು ಗಟ್ಟಿಗಿತ್ತಿ ಕಣ್ರೀ, ಎಷ್ಟೊಂದು ಜನಕ್ಕೆ ಸ್ಫೂರ್ತಿ’ ಅನ್ನಬೇಡಿ. ನಾನು ಯಾವ ಯುದ್ಧಕ್ಕೂ ಹೋದವಳಲ್ಲ. ಎಡಮೊಲೆಯಲ್ಲಿ ಗಂಟು ಸಿಕ್ಕಿತು. ಕುಯ್ದರು, ವಿಷ ಏರಿಸಿದರು, ಸುಟ್ಟರು. ಈಗ ದಿನಕ್ಕೊಂದು ಮಾತ್ರೆ ನುಂಗಿಸುತ್ತಿದ್ದಾರೆ. ಬದುಕಿದ್ದೇನೆ, ಸರಿ. ‘ಬದುಕಿದ್ದೀಯಲ್ಲ, ಇನ್ನೇನು ಬೇಕು’ ಎಂದು ಬಾಯಿ ಮುಚ್ಚಿಸಲು ಬರುತ್ತಾರಲ್ಲ, ನನ್ನ ಸಿಟ್ಟು ಅವರ ಮೇಲೆ.

ವಿವರ ಬೇಕೇ? ಮೊದಲು ಡಾಕ್ಸೋರುಬಿಸಿನ್. ವಾರ್ಡಿನಲ್ಲಿ ಯಾರೂ ಆ ಹೆಸರು ಹೇಳುವುದಿಲ್ಲ, ಎಲ್ಲರಿಗೂ ಅದು ‘ಕೆಂಪು ಔಷಧಿ’. ಹೃದಯವನ್ನೇ ಸೋಲಿಸಬಲ್ಲದು ಎಂದು ಮುಂಚೆಯೇ ಎಕೋ ಮಾಡಿಸುತ್ತಾರೆ. ರಕ್ತನಾಳದಿಂದ ಆಚೆ ಸೋರಿದರೆ ಅಲ್ಲಿನ ಮಾಂಸ ಸುಟ್ಟು ಹುಣ್ಣಾಗುತ್ತದೆಂದು ನರ್ಸ್ ಗ್ಲೌಸ್ ತೊಟ್ಟು ನಿಧಾನಕ್ಕೆ ತಳ್ಳುತ್ತಾರೆ. ಅವರು ಮುಟ್ಟಲು ಹೆದರುವುದು ನನ್ನೊಳಗೆ ಹೋಗಬೇಕು. ಸಂಜೆಗೆ ಮೂತ್ರ ಕೆಂಪು. ಆಮೇಲೆ ಬಾಯಿತುಂಬ ಹುಣ್ಣು, ಮಜ್ಜಿಗೆ ಕುಡಿದರೂ ಉರಿ. ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುತ್ತದೆ, ತುತ್ತು ಅನ್ನಕ್ಕೂ ಕಬ್ಬಿಣದ ರುಚಿ. ಬಿಳಿ ರಕ್ತಕಣ ಏರಲೆಂದು ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್ ಇದೆಯಲ್ಲ, ಅದು ಮೂಳೆಯೊಳಗಿನ ಮಜ್ಜೆಯನ್ನು ದುಡಿಸುತ್ತದೆ. ರಾತ್ರಿಯೆಲ್ಲ ಸೊಂಟದಿಂದ ಮೊಣಕಾಲಿನವರೆಗೆ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ.

ಮುಂದಿನ ಸುತ್ತಿನ ಪ್ಯಾಕ್ಲಿಟ್ಯಾಕ್ಸೆಲ್ ಸಭ್ಯ ಔಷಧಿ. ನೀರಿನ ಬಣ್ಣ, ವಾಂತಿಯೂ ಕಡಿಮೆ. ಅದರ ಕಣ್ಣು ಬೆರಳ ತುದಿಯ ನರಗಳ ಮೇಲೆ. ರವಿಕೆಯ ಹುಕ್ಕು ಬೆರಳಿಗೆ ಸಿಗದು, ಮಲ್ಲಿಗೆ ಕಟ್ಟಲಾಗದು. ಚಪ್ಪಲಿ ಕಾಲಿನಿಂದ ಜಾರಿದ್ದು ನಾಲ್ಕು ಹೆಜ್ಜೆ ಹೋದ ಮೇಲೆ ಗೊತ್ತಾಗುತ್ತದೆ. ಹೇಳಿದೆ. ಪ್ರತಿ ಸಲವೂ ಹೇಳಿದೆ. ‘ಇದೆಲ್ಲ ಕಾಮನ್ ಅಮ್ಮ, ಹೋಗುತ್ತೆ’ ಎಂದು ನನ್ನ ಮಗನ ವಯಸ್ಸಿನ ಡಾಕ್ಟರು ಮುಂದಿನ ಫೈಲ್ ಎತ್ತಿಕೊಂಡರು. ನನ್ನ ಫೈಲಿನಲ್ಲಿ ಅವರು ಬರೆದ ಷರಾ ಆಮೇಲೆ ಓದಿದೆ: ಚಿಕಿತ್ಸೆಯನ್ನು ಚೆನ್ನಾಗಿ ತಾಳಿಕೊಂಡಿದ್ದಾರೆ. ಸಹಿ, ತಾರೀಖು, ಸೀಲು ಎಲ್ಲವೂ ಇತ್ತು. ಜೋಮು ಎಂಬ ಒಂದು ಪದ ಇರಲಿಲ್ಲ.

ಜೋಮು ಏರುತ್ತಿದೆ ಎಂದು ಗೊತ್ತಾದರೆ ಡೋಸ್ ಇಳಿಸಬಹುದು, ಒಂದು ವಾರ ಮುಂದೂಡಬಹುದು, ಔಷಧಿ ಹರಿಯುವಾಗ ಕೈಕಾಲಿಗೆ ಐಸ್ ಕಟ್ಟಿ ನೋಡಬಹುದು. ಇಷ್ಟು ನನಗೆ ತಿಳಿದದ್ದು ಉಗುರು ಕಪ್ಪಾಗಿ ಎದ್ದ ಮೇಲೆ. ಅದೂ ಪಕ್ಕದ ಹಾಸಿಗೆಯಾಕೆಯ ಮಗಳು ನರ್ಸಿಂಗ್ ಓದುತ್ತಿದ್ದಳು ಎಂಬ ಕಾರಣಕ್ಕೆ.

‘ಗೊಣಗಿದರೆ ಕಾಯಿಲೆ ಜಾಸ್ತಿಯಾಗುತ್ತೆ’ ಅನ್ನುವ ದೊಡ್ಡವರು ಇದನ್ನು ಕೇಳಿಸಿಕೊಳ್ಳಲಿ. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಏತನ್ ಬಾಶ್ ಎಂಬ ವೈದ್ಯರು, ಬೇರೆ ಅಂಗಗಳಿಗೂ ಕ್ಯಾನ್ಸರ್ ಹರಡಿದ್ದ 766 ರೋಗಿಗಳನ್ನು ಎರಡು ಗುಂಪು ಮಾಡಿದರು. ಸ್ತನ ಕ್ಯಾನ್ಸರಿನವರೂ ಅವರಲ್ಲಿದ್ದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿಗೂ ಅದೇ, ಜೊತೆಗೆ ತಮ್ಮ ವಾಂತಿ, ನೋವು, ಸುಸ್ತು, ಜೋಮುಗಳನ್ನು ತಾವೇ ಕಂಪ್ಯೂಟರಿಗೆ ಹಾಕುವ ಏರ್ಪಾಡು. ತೊಂದರೆ ಏರಿದರೆ ನರ್ಸಿಗೆ ಸೂಚನೆ ಹೋಗುತ್ತಿತ್ತು. 2017ರಲ್ಲಿ ಲೆಕ್ಕ ಹೊರಬಂತು. ಎಂದಿನ ಚಿಕಿತ್ಸೆಯವರ ಆಯುಸ್ಸು ಸುಮಾರು 26 ತಿಂಗಳು, ದೂರು ದಾಖಲಿಸಿದವರದು 31. ಹೊಸ ಔಷಧಿ ಒಂದೂ ಇಲ್ಲದೆ, ಬರೀ ಕೇಳಿಸಿಕೊಂಡದ್ದಕ್ಕೆ ಐದು ತಿಂಗಳ ಜೀವ! ಹಲ್ಲು ಕಚ್ಚಿಕೊಂಡಿರು ಎಂದು ಬುದ್ಧಿ ಹೇಳುವವರು ಅಷ್ಟು ಕಾಲವನ್ನು ನಮ್ಮಿಂದ ಕಿತ್ತುಕೊಳ್ಳುತ್ತಿರಬಹುದು.

ಕೂದಲಿನ ಕತೆ ಎಲ್ಲರಿಗೂ ಗೊತ್ತು ಅಂದುಕೊಳ್ಳುತ್ತಾರೆ. ‘ಮತ್ತೆ ಬರುತ್ತೆ ಬಿಡಿ.’ ಬರುತ್ತದೆ. ಆದರೆ ಬೋಳುತಲೆಯ ಹೆಂಗಸಿಗೆ ಈ ನಾಡಿನಲ್ಲಿ ಯಾವ ಜಾಗ ಎಂಬುದನ್ನು ಎಂ.ಕೆ. ಇಂದಿರಾ ಅವರ ಕಾದಂಬರಿಯ ವಿಧವೆ ‘ಫಣಿಯಮ್ಮ’ನ ಕತೆ ಓದಿದವರಿಗೆ ನಾನು ಹೇಳಬೇಕಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ‘ತಿರುಪತಿಗೆ ಮುಡಿ ಕೊಟ್ರಾ?’ ಎಂದು ಕೇಳಿದವರು ಎಷ್ಟೋ ವಾಸಿ. ನಮ್ಮ ಬೀದಿಯ ಅರಿಶಿನ ಕುಂಕುಮಕ್ಕೆ ಆ ವರ್ಷ ನನಗೆ ಕರೆ ಬರಲಿಲ್ಲ. ಗಂಡ ಪಕ್ಕದಲ್ಲೇ ಪೇಪರ್ ಓದುತ್ತ ಕೂತಿದ್ದರು.

ಗಂಡ ಅಂದರೆ ನೆನಪಾಯಿತು. ಬಯಾಪ್ಸಿ ರಿಪೋರ್ಟ್ ಬಂದ ದಿನ ಡಾಕ್ಟರು ನನ್ನನ್ನು ಎದುರಿಗೆ ಕೂರಿಸಿಕೊಂಡು ಕೇಳಿದ್ದು, ‘ನಿಮ್ಮ ಯಜಮಾನ್ರು ಬಂದಿಲ್ವಾ?’ ಮೊಲೆ ನನ್ನದು, ಗಂಟು ನನ್ನದು, ಸುದ್ದಿ ಮಾತ್ರ ಅವರಿಗೆ. ಅದೇ ಡಾಕ್ಟರು ಟ್ಯಾಮಾಕ್ಸಿಫೆನ್ ಬರೆದುಕೊಟ್ಟು, ‘ಐದು ವರ್ಷ, ಬೇಕಾದರೆ ಹತ್ತು’ ಅಂದರು. ಅದರಿಂದ ಮಾಗಿಯ ಚಳಿಯಲ್ಲೂ ಮೈ ಹೊತ್ತಿಕೊಂಡು ಹೊದಿಕೆ ತೊಯ್ಯುತ್ತದೆ ಅನ್ನಲಿಲ್ಲ. ಕೀಮೋ ನನ್ನ ಮುಟ್ಟನ್ನು ಒಮ್ಮೆಲೇ ನಿಲ್ಲಿಸಿದ ಮೇಲೆ ಯೋನಿ ಒಣಗಿ, ಗಂಡನ ಜೊತೆ ಮಲಗುವುದೆಂದರೆ ಬ್ಲೇಡಿನ ನೋವು ಎಂಬುದನ್ನು ನಾನೇ ಬಾಯಿಬಿಟ್ಟು ಹೇಳಿದಾಗ, ಆ ವಿದ್ಯಾವಂತರು ಕತ್ತು ಬಗ್ಗಿಸಿ ಸ್ಕ್ಯಾನಿಂಗ್ ಚೀಟಿ ಬರೆಯತೊಡಗಿದರು. ನಮ್ಮಿಬ್ಬರಲ್ಲಿ ನಾಚಿಕೆ ಪಡಬೇಕಾದವಳು ನಾನಾಗಿರಲಿಲ್ಲ.

ಕಂಕುಳಿನ ಗ್ರಂಥಿಗಳನ್ನು ತೆಗೆದ ಕೈ ಬಾತುಕೊಂಡಿತು. ತೆಗೆದವರಿಗೆ ಗೊತ್ತಿತ್ತು, ಬಾತರೂ ಬಾತೀತು ಎಂದು. ಬೆಳಗಿನಿಂದ ಸಂಜೆವರೆಗೆ ತೊಡುವ ಬಿಗಿ ತೋಳುಚೀಲ, ಬ್ಯಾಂಡೇಜು, ಫಿಸಿಯೋಥೆರಪಿ ಇದಕ್ಕೆ ಮದ್ದು. ತೋಳುಚೀಲದ ಬಿಲ್ಲನ್ನೂ ಬ್ರಾ ಒಳಗಿಡುವ ಸಿಲಿಕಾನ್ ಮೊಲೆಯ ಬಿಲ್ಲನ್ನೂ ವಿಮೆಯವರು ‘ಸೌಂದರ್ಯಕ್ಕೆ ಸಂಬಂಧಿಸಿದ್ದು’ ಎಂದು ತಳ್ಳಿಹಾಕಿದರು. ನನ್ನ ಪಕ್ಕದ ಹಾಸಿಗೆಯಾಕೆ ಹತ್ತಿಯ ಜೊತೆ ಹಿಡಿ ರಾಗಿ ತುಂಬಿ, ಹಳೇ ರವಿಕೆ ಬಟ್ಟೆಯಲ್ಲಿ ತಾನೇ ಹೊಲಿದುಕೊಂಡಿದ್ದಳು. ಆಪರೇಷನ್ನಿಗೂ ಕೀಮೋಗೂ ಆಕೆಯ ಬಿಪಿಎಲ್ ಕಾರ್ಡಿನ ಮೇಲೆ ವರ್ಷಕ್ಕೆ 5 ಲಕ್ಷದವರೆಗೆ ಸರ್ಕಾರ ಕೊಡುತ್ತದೆ, ಶಕ್ತಿ ಯೋಜನೆಯಲ್ಲಿ ಬಸ್ಸೂ ಉಚಿತ. ಇವೆರಡಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಕೀಮೋ ಮುಗಿಸಿ, ಹಿಂದಿನ ಸೀಟಿನಲ್ಲಿ ಪ್ಲಾಸ್ಟಿಕ್ ಕವರು ಹಿಡಿದುಕೊಂಡು ರಾತ್ರಿಯಿಡೀ ರಾಯಚೂರಿಗೆ ಹೋಗುವ ಹೆಂಗಸು ನಡುವೆ ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು? ಕೀಮೋ ಆದವರಿಗೆ ಜ್ವರ ಪ್ರಾಣಕ್ಕೆ ಕುತ್ತು. 2022ರ ಅಂದಾಜಿನ ಪ್ರಕಾರ ಈ ದೇಶದಲ್ಲಿ ಒಂದೇ ವರ್ಷಕ್ಕೆ ಹೊಸದಾಗಿ ಸುಮಾರು 1.92 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್. ಅಷ್ಟು ಜನರ ವಾಂತಿ, ಜ್ವರ, ಬಾವುಗಳನ್ನು ಬರೆದಿಡುವ ಪುಸ್ತಕ ಎಲ್ಲಿದೆ?

ಸುಮ್ಮನಿದ್ದವರಿಂದ ಈ ಚಿಕಿತ್ಸೆ ಸುಧಾರಿಸಿಲ್ಲ. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ 19ನೇ ಶತಮಾನದ ಕೊನೆಗೆ ರೂಢಿಗೆ ತಂದ ಆಪರೇಷನ್ನು ಮೊಲೆಯ ಜೊತೆ ಎದೆಯ ಸ್ನಾಯುವನ್ನೂ ಕಂಕುಳನ್ನೂ ಬಗೆದು ತೆಗೆಯುತ್ತಿತ್ತು, 1970ರ ದಶಕದವರೆಗೂ. ಗಂಟು ಕ್ಯಾನ್ಸರ್ ಆಗಿದ್ದರೆ, ಬಯಾಪ್ಸಿಗೆಂದು ಮಲಗಿದ ಹೆಂಗಸಿಗೆ ಎಚ್ಚರವಾದಾಗ ಮೊಲೆ ಇರುತ್ತಿರಲಿಲ್ಲ. ಎರಡೂ ಒಂದೇ ಅರಿವಳಿಕೆಯಲ್ಲಿ ಮುಗಿದಿರುತ್ತಿತ್ತು. ರೋಸ್ ಕುಶ್ನರ್ ಎಂಬ ಪತ್ರಕರ್ತೆ 1974ರಲ್ಲಿ ಇದಕ್ಕೆ ಒಲ್ಲೆ ಅಂದಳು. ಜಗಳವಾಡಿದಳು, ಪುಸ್ತಕ ಬರೆದಳು. 1979ರಲ್ಲಿ ಅವಳೂ ಇದ್ದ ತಜ್ಞರ ಸಮಿತಿಯೇ ಆ ಪದ್ಧತಿ ಬೇಡ ಅಂದಿತು. ನನ್ನ ಎದೆಯ ಸ್ನಾಯು ಉಳಿದಿರುವುದು ಇಂಥ ಜಗಳಗಂಟಿಯರ ಪುಣ್ಯ.

ಇನ್ನು ಅಕ್ಟೋಬರಿನ ಗುಲಾಬಿ ಹಬ್ಬ, ಅಂದರೆ ಸ್ತನ ಕ್ಯಾನ್ಸರ್ ಜಾಗೃತಿ ಮಾಸ. ಇದು 1985ರಲ್ಲಿ ಶುರುವಾದದ್ದು ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಮತ್ತು ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್‌ನ ಔಷಧ ವಿಭಾಗದ ಜಂಟಿ ಕಾರ್ಯಕ್ರಮವಾಗಿ. ನಾನು ನುಂಗುವ ಟ್ಯಾಮಾಕ್ಸಿಫೆನ್ ಹುಟ್ಟಿದ್ದು ಅದೇ ಕಂಪನಿಯ ಪ್ರಯೋಗಾಲಯದಲ್ಲಿ. ರಿಬ್ಬನ್ನೂ ಮೊದಲು ಗುಲಾಬಿಯಾಗಿರಲಿಲ್ಲ. ಷಾರ್ಲೆಟ್ ಹೇಲಿ ಎಂಬ ಅಜ್ಜಿ ಕ್ಯಾಲಿಫೋರ್ನಿಯಾದ ತನ್ನ ಮನೆಯಲ್ಲಿ ತಿಳಿ ಕಿತ್ತಳೆ ಬಣ್ಣದ ರಿಬ್ಬನ್ ಕತ್ತರಿಸಿ, ರೋಗ ಬಾರದಂತೆ ತಡೆಯಲು ಸರ್ಕಾರ ಇಡುವ ದುಡ್ಡು ಎಷ್ಟು ಕಡಿಮೆ ಎಂದು ಬರೆದ ಚೀಟಿಯ ಜೊತೆ ಹಂಚುತ್ತಿದ್ದಳು. 1992ರಲ್ಲಿ ಒಂದು ಪತ್ರಿಕೆ ಅದನ್ನು ಕೇಳಿತು, ವ್ಯಾಪಾರಕ್ಕೆ ಕೊಡೆನೆಂದಳು. ಬಣ್ಣ ಬದಲಿಸಿಕೊಂಡು ಹೋದರು. ಚೀಟಿ ಉಳಿಯಲಿಲ್ಲ.

ನಮ್ಮೂರಿನ ಸಂಘದವರು ಈ ಸಲ ನನ್ನನ್ನೂ ಕರೆದಿದ್ದಾರೆ. ಗುಲಾಬಿ ಸೀರೆ, ಐದು ನಿಮಿಷ ಭಾಷಣ, ವಿಷಯ ‘ಕ್ಯಾನ್ಸರ್ ಗೆದ್ದ ಕತೆ’. ಬರುತ್ತೇನೆ ಅಂದೆ, ಬಾತ ಕೈ, ಒಣಗಿದ ಯೋನಿ, ತಳ್ಳಿಹಾಕಿದ ಬಿಲ್ಲು, ಫೈಲಿನ ಷರಾ, ಈ ನಾಲ್ಕರ ಮೇಲೆ ಮಾತಾಡುತ್ತೇನೆ, ಶಾಸಕರು ಎದುರಿಗೇ ಕೂತಿರಲಿ ಅಂದೆ. ಕಾರ್ಯದರ್ಶಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಮೇಡಂ, ಮಕ್ಕಳೆಲ್ಲ ಬಂದಿರ್ತಾರೆ’ ಅಂದರು. ಬರಲಿ. ಹೆಣ್ಣುಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಅಂದೆ.